ಬಿಳಿಯರೆಂದು ಸಂದವರ ಲೆಕ್ಕ

1893ರಲ್ಲಿ ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾ ನಗರದಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಒಬ್ಬರು ಜುಲೈ 1ರಂದು, ಇನ್ನೊಬ್ಬರು ಡಿಸೆಂಬರ್ 25ರಂದು. ಇಬ್ಬರೂ ಕಪ್ಪುವರ್ಣೀಯರ ಮನೆಗಳಲ್ಲಿ ಬೆಳೆದವರು. ಗುಲಾಮಗಿರಿಯ ಕಾಲದಿಂದ ಬೆರೆತು ಬಂದ ರಕ್ತದ ಫಲವಾಗಿ ಇಬ್ಬರ ಮೈಬಣ್ಣವೂ ತಿಳಿಯಾಗಿತ್ತು. ಅಪರಿಚಿತರ ನಡುವೆ ನಿಂತರೆ ಬಿಳಿಯರೆಂದೇ ಸಲ್ಲಬಹುದಾಗಿತ್ತು. ಮುಂದೆ ಇಬ್ಬರೂ ದೇಶದಲ್ಲಿ ಹೆಸರಾದರು. ಒಬ್ಬಾತ, ಲಾರೆನ್ಸ್ ಡೆನಿಸ್, ತನ್ನ ಮೂಲವನ್ನು ಮರೆಸಿ ಬಿಳಿಯರ ಲೋಕವನ್ನು ಹೊಕ್ಕು, 1930ರ ದಶಕದಲ್ಲಿ ಅಮೆರಿಕದ ಫ್ಯಾಸಿಸ್ಟ್ ವಿಚಾರದ ಅತ್ಯಂತ ಸಮರ್ಥ ಪ್ರತಿಪಾದಕನೆನಿಸಿದ. ಇನ್ನೊಬ್ಬರು, ವಾಲ್ಟರ್ ವೈಟ್, ಎಲ್ಲಿಯಾದರೂ ಬಿಳಿಯರಾಗಿ ಬಾಳಬಹುದಾಗಿದ್ದರೂ ಹಾಗೆ ಬಾಳದೆ, ಕಪ್ಪುವರ್ಣೀಯರ ಹಕ್ಕಿಗಾಗಿ ಹೋರಾಡಿದ ಅತಿದೊಡ್ಡ ಸಂಸ್ಥೆಯನ್ನು ಕಾಲು ಶತಮಾನ ನಡೆಸಿದರು.

ಒಂದೇ ಊರು, ಒಂದೇ ವರ್ಷ, ಒಂದೇ ಬಗೆಯ ಮುಖ. ದಾರಿಗಳು ಮಾತ್ರ ಪೂರ್ವ ಪಶ್ಚಿಮ. ಈ ಇಬ್ಬರ ಬದುಕನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಮೂಲವನ್ನು ಮರೆಸುವುದಕ್ಕೂ ಉಗ್ರ ಬಲಪಂಥಕ್ಕೂ ಇರುವ ನಂಟು ಏನೆಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ. ಅದು ಅಮೆರಿಕದ ಕಥೆ. ಆದರೆ ಅದರ ಒಂದು ಅಧ್ಯಾಯದಲ್ಲಿ ಭಾರತೀಯರಾದ ನಾವೂ ಇದ್ದೇವೆ.

ಅಮೆರಿಕದಲ್ಲಿ ಇದನ್ನು ‘ಪಾಸಿಂಗ್’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ‘ಸಲ್ಲುವುದು’ ಎಂಬ ಮಾತು ಅದಕ್ಕೆ ತೀರ ಹತ್ತಿರದ್ದು. ನಾಣ್ಯ ಸಲ್ಲುತ್ತದೆ ಎನ್ನುತ್ತೇವೆ. ನಾಣ್ಯದ ಬೆಲೆ ಲೋಹದಲ್ಲಿಲ್ಲ, ಅದರ ಮೇಲೆ ಒತ್ತಿದ ಮುದ್ರೆಯಲ್ಲಿದೆ. ಮುದ್ರೆಯನ್ನು ಒತ್ತುವವನು ಆಳುವವನು. ಮನುಷ್ಯನಿಗೂ ಹೀಗೆ ಮುದ್ರೆ ಒತ್ತಿದ ನಾಡಿನಲ್ಲಿ, ಕೆಲವರು ತಮ್ಮ ಮುದ್ರೆಯನ್ನು ಅಳಿಸಿ ಬೇರೊಂದನ್ನು ಧರಿಸಿದರು. ಅವರನ್ನು ಸುಳ್ಳುಗಾರರೆಂದು ತೀರ್ಮಾನಿಸುವ ಮೊದಲು ಟಂಕಸಾಲೆಯ ಲೆಕ್ಕವನ್ನು ತಪಾಸಣೆ ಮಾಡಬೇಕಾಗುತ್ತದೆ.

ಆ ಲೆಕ್ಕ ವಿಚಿತ್ರವಾಗಿದೆ. 1892ರಲ್ಲಿ ಹೋಮರ್ ಪ್ಲೆಸಿ ಎಂಬವರು ಲೂಯಿಸಿಯಾನದಲ್ಲಿ ಬಿಳಿಯರಿಗೆ ಮೀಸಲಾದ ರೈಲು ಡಬ್ಬಿಯಲ್ಲಿ ಕುಳಿತರು. ಅವರ ಪೂರ್ವಿಕರಲ್ಲಿ ಎಂಟರಲ್ಲಿ ಏಳು ಪಾಲು ಯೂರೋಪಿನವರು. ತಾನು ಬಿಳಿಯನಲ್ಲ ಎಂಬುದನ್ನು ಅವರೇ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರತ್ಯೇಕ ಡಬ್ಬಿಯ ಕಾನೂನನ್ನು ಪ್ರಶ್ನಿಸಲೆಂದೇ ಅವರು ಹೇಳಿ ಬಂಧಿತರಾದರು. ಅವರ ವಕೀಲರು ಸುಪ್ರೀಂ ಕೋರ್ಟಿನ ಮುಂದೆ ಮಂಡಿಸಿದ ವಾದಗಳಲ್ಲಿ ಒಂದು, ಲೆಕ್ಕಪರಿಶೋಧಕನಾದ ನನ್ನನ್ನು ಇಂದಿಗೂ ತಡೆದು ನಿಲ್ಲಿಸುತ್ತದೆ. ಆಳುವ ವರ್ಣಕ್ಕೆ ಸೇರಿದವನೆಂಬ ಹೆಸರು ಈ ದೇಶದಲ್ಲಿ ಒಂದು ಸ್ವತ್ತು. ರೈಲಿನ ಕಂಡಕ್ಟರು ಆ ಸ್ವತ್ತನ್ನು ವಿಚಾರಣೆಯಿಲ್ಲದೆ ಕಿತ್ತುಕೊಳ್ಳುತ್ತಿದ್ದಾನೆ, ಎಂಬುದು ಆ ವಾದ. 1896ರ ತೀರ್ಪು ಬಿಳಿಯನೆಂಬ ಹೆಸರು ಸ್ವತ್ತೆಂಬುದನ್ನು ವಾದಕ್ಕಾಗಿ ಒಪ್ಪಿಕೊಂಡು, ಪ್ಲೆಸಿ ಬಿಳಿಯನಲ್ಲದಿದ್ದರೆ ಆ ಸ್ವತ್ತು ಅವನದ್ದೇ ಅಲ್ಲವೆಂದು ಕೈತೊಳೆದುಕೊಂಡಿತು. ‘ಪ್ರತ್ಯೇಕ, ಆದರೆ ಸಮಾನ’ ಎಂಬ ಹೆಸರಿನಲ್ಲಿ ವಿಭಜನೆಗೆ ಮುಂದಿನ ಐವತ್ತೆಂಟು ವರ್ಷ ಕಾನೂನಿನ ಆಸರೆ ದೊರೆಯಿತು.

1924ರಲ್ಲಿ ವರ್ಜೀನಿಯಾ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಿಳಿಯರಲ್ಲದವರ ರಕ್ತ ಲವಲೇಶವಾದರೂ ಇದ್ದರೆ ಆತ ಬಿಳಿಯನಲ್ಲವೆಂದು ಶಾಸನ ಮಾಡಿತು. ವರ್ಣವನ್ನು ಸುಳ್ಳಾಗಿ ನೋಂದಾಯಿಸಿದರೆ ಸೆರೆವಾಸ. ಆದರೆ ಒಂದು ತೊಡಕು ಕಾಣಿಸಿಕೊಂಡಿತು. ಆ ರಾಜ್ಯದ ಹಳೆಯ ಕುಲೀನ ಮನೆತನಗಳು ತಾವು ಪೋಕಹಾಂಟಸ್ ಎಂಬ ಆದಿವಾಸಿ ನಾಯಕನ ಮಗಳ ಸಂತತಿಯೆಂದು ತಲೆಮಾರುಗಳಿಂದ ಹೆಮ್ಮೆಪಡುತ್ತಿದ್ದವು. ಹೊಸ ಶಾಸನದ ಪ್ರಕಾರ ಅವರೂ ಬಿಳಿಯರಲ್ಲದವರಾಗುತ್ತಿದ್ದರು. ಆದ್ದರಿಂದ ಆದಿವಾಸಿ ರಕ್ತ ಹದಿನಾರರಲ್ಲಿ ಒಂದು ಪಾಲಿನಷ್ಟಿದ್ದರೆ ಅಡ್ಡಿಯಿಲ್ಲವೆಂಬ ವಿನಾಯಿತಿಯನ್ನು ಸೇರಿಸಲಾಯಿತು. ವಿನಾಯಿತಿಯ ಕಲಮುಗಳನ್ನು ಓದುವುದೇ ನನ್ನ ಹೊಟ್ಟೆಪಾಡು. ಕಾನೂನು ಯಾರಿಗಾಗಿ ಬರೆಯಲ್ಪಟ್ಟಿದೆ ಎಂಬುದು ಅದರ ಪೀಠಿಕೆಗಿಂತ ಅದರ ವಿನಾಯಿತಿಯಲ್ಲಿ ಸ್ಪಷ್ಟವಾಗುತ್ತದೆ. ಶುದ್ಧ ರಕ್ತದ ಪುಸ್ತಕ ಅದನ್ನು ಬರೆದವರ ಮನೆಯಲ್ಲೇ ತಾಳೆಯಾಗಲಿಲ್ಲ.

ಇಂಥ ಗೋಡೆಯ ಬುಡದಲ್ಲಿ ಡೆನಿಸ್ ಹುಟ್ಟಿದ. ಬಾಲ್ಯದಲ್ಲಿ ಆತ ಹೆಸರಾಂತ ಬಾಲ ಧರ್ಮಬೋಧಕ. ಐದಾರು ವರ್ಷದ ಹುಡುಗನ ಪ್ರವಚನ ಕೇಳಲು ಕಪ್ಪುವರ್ಣೀಯರ ಚರ್ಚುಗಳಲ್ಲಿ ಜನ ಕಿಕ್ಕಿರಿಯುತ್ತಿದ್ದರು. ತಾಯಿ ಆತನನ್ನು ಇಂಗ್ಲೆಂಡಿಗೂ ಕರೆದೊಯ್ದಿದ್ದಳು. ಆಗ ಆತನ ವರ್ಣ ಗುಟ್ಟಾಗಿರಲಿಲ್ಲ, ಪ್ರಚಾರಪತ್ರಗಳಲ್ಲೇ ಇರುತ್ತಿತ್ತು. ಇಪ್ಪತ್ತರ ಹೊತ್ತಿಗೆ ಆ ಹುಡುಗ ಕಾಣೆಯಾದ. ಅದೇ ಹೆಸರಿನ ಬೇರೊಬ್ಬ ಯುವಕ ಉತ್ತರದ ಪ್ರತಿಷ್ಠಿತ ಎಕ್ಸೆಟರ್ ಶಾಲೆಯಲ್ಲಿ, ಬಳಿಕ ಹಾರ್ವರ್ಡಿನಲ್ಲಿ ಕಾಣಿಸಿಕೊಂಡ. ಮೊದಲ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿ ಫ್ರಾನ್ಸಿಗೆ ಹೋದ. ವಿದೇಶಾಂಗ ಸೇವೆ ಸೇರಿ ರುಮೇನಿಯಾ, ಹೊಂಡುರಾಸ್, ನಿಕರಾಗುವಗಳಲ್ಲಿ ದುಡಿದ. ನಿಕರಾಗುವದಲ್ಲಿ ಅಮೆರಿಕದ ಸೇನಾ ಹಸ್ತಕ್ಷೇಪವನ್ನು ವಿರೋಧಿಸಿ 1927ರಲ್ಲಿ ರಾಜೀನಾಮೆ ಕೊಟ್ಟು, ದೊಡ್ಡ ಬ್ಯಾಂಕಿಂಗ್ ಸಂಸ್ಥೆಯೊಂದರ ಕೆಲಸಕ್ಕೆ ಪೆರುವಿಗೆ ಹೋದ. ಹಿಂದಿರುಗಿದ ಮೇಲೆ ಲೇಖಕನಾದ.

ಈ ಏಳಿಗೆಗೆ ತೆತ್ತ ಬೆಲೆ ಯಾವ ಪುಸ್ತಕದಲ್ಲೂ ನಮೂದಾಗಲಿಲ್ಲ. ಹೆತ್ತವರು, ಬಂಧುಗಳು, ಬಾಲ್ಯದ ಊರು ಎಲ್ಲವನ್ನೂ ಆತ ದೂರವಿಡಬೇಕಾಯಿತು. ತಾಯಿ ಒಂದು ದಿನ ಬಾಗಿಲಲ್ಲಿ ನಿಂತರೆ ಸಾಕು, ಕಟ್ಟಿದ್ದೆಲ್ಲ ಕುಸಿಯುತ್ತಿತ್ತು. ತಾಯಿಯ ಮುಖವೇ ಅಪಾಯವಾಗುವಂಥ ಬದುಕನ್ನು ಒಂದು ಕಾನೂನು ಮನುಷ್ಯನಿಗೆ ಕೊಡಬಲ್ಲದೆಂದರೆ, ಆ ಕಾನೂನಿನ ಕ್ರೌರ್ಯಕ್ಕೆ ಬೇರೆ ಸಾಕ್ಷಿ ಬೇಡ.

1936ರಲ್ಲಿ ಡೆನಿಸ್ ‘ಬರಲಿರುವ ಅಮೆರಿಕನ್ ಫ್ಯಾಸಿಸಂ’ ಎಂಬ ಅರ್ಥದ ಪುಸ್ತಕ ಪ್ರಕಟಿಸಿದ. ಮಹಾಕುಸಿತದಿಂದ ತತ್ತರಿಸಿದ್ದ ದೇಶದಲ್ಲಿ, ಉದಾರವಾದಿ ಬಂಡವಾಳಶಾಹಿ ಸತ್ತಂತೆಯೇ ಸರಿ. ಬಲವುಳ್ಳ ಕೆಲವರು ಅಧಿಕಾರ ಹಿಡಿದು ಆರ್ಥಿಕತೆಯನ್ನು ಶಿಸ್ತಿಗೆ ತರುವುದೊಂದೇ ದಾರಿ ಎಂಬುದು ಆತನ ವಾದ. ಅದೇ ವರ್ಷ ಯೂರೋಪಿಗೆ ಹೋಗಿ ಮುಸೊಲಿನಿಯನ್ನು ಕಂಡ, ನ್ಯೂರೆಂಬರ್ಗಿನಲ್ಲಿ ನಾಜಿಗಳ ಮಹಾಸಮಾವೇಶಕ್ಕೂ ಹೋದ. ಯೆಹೂದ್ಯರ ಪೌರತ್ವ ಕಿತ್ತುಕೊಂಡ ನಾಜಿ ಕಾನೂನುಗಳು ಅದೇ ನಗರದಲ್ಲಿ ಘೋಷಿತವಾಗಿ ಆಗಿನ್ನೂ ಒಂದು ವರ್ಷ. ಆ ಕಾನೂನುಗಳನ್ನು ರಚಿಸುವಾಗ ಜರ್ಮನಿಯ ನ್ಯಾಯಜ್ಞರು ಅಮೆರಿಕದ ವರ್ಣಕಾನೂನುಗಳನ್ನು ಮುಂದಿಟ್ಟುಕೊಂಡು ಚರ್ಚಿಸಿದ್ದರು. ಒಂದು ಹನಿ ರಕ್ತದ ನಿಯಮ ಅವರಲ್ಲಿ ಕೆಲವರಿಗೆ ಅತಿಯೆನಿಸಿತ್ತು. ಅಮೆರಿಕದ ಗೋಡೆಯಿಂದ ನುಣುಚಿಕೊಂಡು ಬಂದವನು, ಅದೇ ಗೋಡೆಯ ನಕ್ಷೆ ನೋಡಿ ಕಟ್ಟಿದ ಇನ್ನೊಂದು ಕೋಟೆಯಲ್ಲಿ ಅತಿಥಿಯಾಗಿ ಕುಳಿತಿದ್ದ. 1941ರ ಹೊತ್ತಿಗೆ ಜನಪ್ರಿಯ ಪತ್ರಿಕೆಯೊಂದು ಆತನನ್ನು ಅಮೆರಿಕದ ಅಗ್ರಗಣ್ಯ ಫ್ಯಾಸಿಸ್ಟ್ ಬುದ್ಧಿಜೀವಿಯೆಂದು ಕರೆಯಿತು.

ಇಲ್ಲಿ ಅವಸರದ ತೀರ್ಮಾನ ಸಲ್ಲದು. ಡೆನಿಸ್ ಜನಾಂಗದ್ವೇಷವನ್ನೇ ಉಸಿರಾಡಿದವನಲ್ಲ. ಆ ಪುಸ್ತಕದ ಒಂದೆಡೆ ಆತ ಎರಡು ದಾರಿಗಳನ್ನು ಮುಂದಿಡುತ್ತಾನೆ. ಕೆಲವು ಜನಾಂಗಗಳನ್ನು ಹೊರಗಿಡುವುದೇ ನಮ್ಮ ಮೌಲ್ಯವಾದರೆ ಅವರ ನಾಶಕ್ಕೋ ಗಡೀಪಾರಿಗೋ ಸಂತಾನಹರಣಕ್ಕೋ ಯೋಜನೆ ಬೇಕು. ಪೌರತ್ವಕ್ಕೆ ಜನಾಂಗ ಅಡ್ಡಿಯಾಗಬಾರದೆಂಬುದು ನಮ್ಮ ಮೌಲ್ಯವಾದರೆ ಹೊಂದಾಣಿಕೆಗೆ ಯೋಜನೆ ಬೇಕು. ಎರಡನೆಯದೇ ಆಗಲೆಂದು ತಾನು ಮನಸಾರೆ ಬಯಸುವುದಾಗಿಯೂ ಹೇಳುತ್ತಾನೆ. ಓದುವವರಿಗೆ ಆತನ ಗುಟ್ಟು ಆ ಒಂದು ವಾಕ್ಯದಲ್ಲಿ ಮಿಂಚಿ ಮರೆಯಾದಂತೆ ತೋರುತ್ತದೆ. ಆದರೂ ಮೊದಲನೆಯ ದಾರಿಯನ್ನು ಕಟ್ಟಡದ ಅಂದಾಜುಪಟ್ಟಿ ಬರೆದಷ್ಟೇ ತಣ್ಣಗೆ ಬರೆಯಲು ಆತನಿಗೆ ಸಾಧ್ಯವಾಯಿತು. ಮನುಷ್ಯರ ನಾಶ ಆತನ ಲೇಖನಿಯಲ್ಲಿ ಒಂದು ಬಾಬತ್ತಾಯಿತು. ನಮ್ಮನ್ನು ಬೆಚ್ಚಿಬೀಳಿಸಬೇಕಾದದ್ದು ಈ ತಣ್ಣನೆಯ ಧ್ವನಿ.

ಇತಿಹಾಸಕಾರ ಜೆರಾಲ್ಡ್ ಹಾರ್ನ್ 2006ರಲ್ಲಿ ಡೆನಿಸನ ಜೀವನವನ್ನು ಕುರಿತು ಪುಸ್ತಕ ಬರೆದು, ಮೂಲ ಮರೆಸುವಿಕೆಗೂ ಬಲಪಂಥೀಯ ಉಗ್ರವಾದಕ್ಕೂ ಇರುವ ಸಂಬಂಧವನ್ನು ವಿಸ್ತಾರವಾಗಿ ಪರಿಶೀಲಿಸಿದರು. ಪ್ರಜಾಪ್ರಭುತ್ವ, ಸಮಾನತೆ ಎಂದು ದಿನವೂ ಭಾಷಣ ಮಾಡುತ್ತ ಕಪ್ಪುವರ್ಣೀಯರನ್ನು ಮರಕ್ಕೆ ನೇತುಹಾಕುತ್ತಿದ್ದ ದೇಶದ ಕಪಟವನ್ನು ಡೆನಿಸ್ ಒಳಗಿನಿಂದ ಬಲ್ಲವನು. ಅಂಥ ಪ್ರಜಾಪ್ರಭುತ್ವದ ಮೇಲೆ ಆತನಿಗೆ ಹುಟ್ಟಿದ ತಿರಸ್ಕಾರವನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಆ ಅರಿವಿನಿಂದ ಆತ ಮಾಡಿಕೊಂಡ ಪಾಠವೇ ತಪ್ಪು. ಗೋಡೆ ಸುಳ್ಳೆಂದು ತಿಳಿದಿದ್ದವನು ‘ಹಾಗಾದರೆ ಗೋಡೆಯನ್ನು ಕೆಡವಬೇಕು’ ಎನ್ನಲಿಲ್ಲ. ‘ಎಲ್ಲವೂ ಸುಳ್ಳು, ಬಲವೊಂದೇ ಸತ್ಯ, ಆದ್ದರಿಂದ ಬಲವುಳ್ಳವರ ಬದಿಯಲ್ಲಿರಬೇಕು’ ಎಂದುಕೊಂಡ. ತನ್ನ ಪ್ರತಿಭೆಯಿಂದ ತಾನು ದಾಟಿದೆ, ದಾಟಲಾರದವರು ದುರ್ಬಲರು ಎಂಬ ಭಾವ ಇಂಥ ಮನಸ್ಸಿನಲ್ಲಿ ಬೇರೂರುವುದು ಸುಲಭ. ಸರ್ವಾಧಿಕಾರದ ಸಿದ್ಧಾಂತಕ್ಕೆ ಇದಕ್ಕಿಂತ ಹದವಾದ ನೆಲವಿಲ್ಲ.

1944ರಲ್ಲಿ ಸರ್ಕಾರ ಡೆನಿಸನನ್ನೂ ಇತರ ಸುಮಾರು ಮೂವತ್ತು ಮಂದಿಯನ್ನೂ ರಾಜದ್ರೋಹದ ಆಪಾದನೆಯ ಮೇಲೆ ವಾಷಿಂಗ್ಟನ್ನಿನ ನ್ಯಾಯಾಲಯಕ್ಕೆ ತಂದಿತು. ಸಹ ಆಪಾದಿತರಲ್ಲಿ ಅನೇಕರು ಯೆಹೂದ್ಯದ್ವೇಷವನ್ನೇ ಬಂಡವಾಳ ಮಾಡಿಕೊಂಡವರು. ಡೆನಿಸ್ ತನ್ನ ಪರ ತಾನೇ ವಾದಿಸಿದ. ನವೆಂಬರಿನಲ್ಲಿ ನ್ಯಾಯಾಧೀಶರು ತೀರಿಕೊಂಡದ್ದರಿಂದ ವಿಚಾರಣೆ ಅರ್ಧಕ್ಕೇ ನಿಂತಿತು; ಮುಂದೆ ಮೊಕದ್ದಮೆಯೇ ವಜಾ ಆಯಿತು. 1977ರಲ್ಲಿ ಸಾಯುವವರೆಗೂ ತನ್ನ ಮೂಲದ ಬಗ್ಗೆ ಆತ ಸಾರ್ವಜನಿಕವಾಗಿ ಬಾಯಿ ಬಿಡಲಿಲ್ಲ. ವರ್ಣಗಳ ನಡುವಿನ ವಿವಾಹವನ್ನು ನಿಷೇಧಿಸಿದ್ದ ಕಾನೂನುಗಳನ್ನು ಸುಪ್ರೀಂ ಕೋರ್ಟು ರದ್ದುಮಾಡಿ ಆಗ ಹತ್ತು ವರ್ಷವಾಗಿತ್ತು. ಗೋಡೆ ಕುಸಿದ ಮೇಲೂ ಗುಟ್ಟು ಉಳಿದಿತ್ತು.

ಡೆನಿಸನದು ಬುದ್ಧಿಯ ದಾರಿ. ಇನ್ನೊಬ್ಬಾತ ದ್ವೇಷದ ದಾರಿಯನ್ನು ಹಿಡಿದ. ಡ್ಯಾನ್ ಬರೋಸ್ ನ್ಯೂಯಾರ್ಕಿನ ಯೆಹೂದಿ ಕುಟುಂಬದಲ್ಲಿ ಹುಟ್ಟಿ, ಹದಿಮೂರನೆಯ ವಯಸ್ಸಿನ ಧಾರ್ಮಿಕ ಸಂಸ್ಕಾರ ಪಡೆದು ಬೆಳೆದವನು. ಅದನ್ನು ಮುಚ್ಚಿಟ್ಟು ಅಮೆರಿಕನ್ ನಾಜಿ ಪಕ್ಷ ಸೇರಿದ; ಬಳಿಕ ಕು ಕ್ಲಕ್ಸ್ ಕ್ಲಾನ್‌ನ ನ್ಯೂಯಾರ್ಕ್ ಶಾಖೆಯ ಮುಖಂಡನಾದ. 1965ರ ಅಕ್ಟೋಬರ್ 31ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆತನ ಮೂಲವನ್ನು ಪ್ರಕಟಿಸಿತು. ಅಂದೇ ಆತ ಪ್ರಾಣ ಕಳೆದುಕೊಂಡ. ಆಗ ವಯಸ್ಸು ಇಪ್ಪತ್ತೆಂಟು.

ಈ ಕಥೆ ಓದಿದಾಗಲೆಲ್ಲ ನನಗೆ ವೃತ್ತಿಯ ಮೊದಲ ದಿನಗಳ ಒಂದು ಪ್ರಸಂಗ ನೆನಪಾಗುತ್ತದೆ. ಆರ್ಟಿಕಲ್ ಕ್ಲರ್ಕ್ ಆಗಿ ಒಂದು ವ್ಯಾಪಾರ ಸಂಸ್ಥೆಯ ಆಡಿಟ್‌ಗೆ ಹೋಗಿದ್ದೆ. ಅಲ್ಲಿನ ಹಿರಿಯ ಲೆಕ್ಕಿಗರೊಬ್ಬರು ವೋಚರುಗಳ ವಿಷಯದಲ್ಲಿ ಭಯಂಕರ ಕಟ್ಟುನಿಟ್ಟು. ಆಟೋ ಬಾಡಿಗೆಯ ಇಪ್ಪತ್ತು ರೂಪಾಯಿಗೆ ಸಹಿ ಇಲ್ಲವೆಂದು ಕಿರಿಯ ಗುಮಾಸ್ತನನ್ನು ಎಲ್ಲರ ಮುಂದೆ ಅಳಿಸಿದ್ದನ್ನು ಕಂಡಿದ್ದೇನೆ. ಮೂರನೆಯ ವಾರ ದಾಸ್ತಾನಿನ ಲೆಕ್ಕ ತಾಳೆ ನೋಡುವಾಗ ದೊಡ್ಡ ಕೊರತೆ ಹೊರಬಿತ್ತು. ವರ್ಷಗಳಿಂದ ಅದನ್ನು ಮುಚ್ಚುತ್ತ ಬಂದವರು ಅವರೇ. ನಮ್ಮ ಹಿರಿಯ ಪಾಲುದಾರರು ಆಗ ಒಂದು ಮಾತು ಹೇಳಿದರು: ‘ತನ್ನ ಖಾತೆಯಲ್ಲಿ ಕಲೆಯಿದ್ದವನೇ ಪರರ ಖಾತೆಯಲ್ಲಿ ಕಲೆ ಹುಡುಕುವುದರಲ್ಲಿ ಎಲ್ಲರಿಗಿಂತ ಮುಂದು.’ ಬರೋಸನ ದ್ವೇಷದ ತೀವ್ರತೆಗೂ ಇಂಥದೇ ಒಳಗಾರಣವಿತ್ತೆಂದು ನನಗೆ ತೋರುತ್ತದೆ. ಗುಟ್ಟು ಹೊರಬೀಳುವ ಭಯವಿರುವವನು ಅನುಮಾನಕ್ಕೆ ಎಡೆಯಾಗದಂತೆ ಎಲ್ಲರಿಗಿಂತ ಗಟ್ಟಿಯಾಗಿ ಕೂಗಬೇಕಾಗುತ್ತದೆ. ಹಾಗೆ ಕೂಗುವವರು ಉಗ್ರ ಸಂಘಟನೆಗಳಿಗೂ ಬೇಕು.

ಹಾಗಾದರೆ ಮೂಲ ಮರೆಸಿದವರೆಲ್ಲ ಹೀಗಾದರೆ? ಇಲ್ಲ. ಬಹುಪಾಲು ಮಂದಿ ಒಂದು ಕೆಲಸಕ್ಕಾಗಿ, ಒಂದು ಬಾಡಿಗೆ ಮನೆಗಾಗಿ, ಮಕ್ಕಳ ಶಾಲೆಗಾಗಿ ಮೌನವಾಗಿ ಗೆರೆ ದಾಟಿದರು. ಯಾರಿಗೂ ಕೇಡು ಬಗೆಯದೆ ಬಾಳಿ ಹೋದರು. ಅವರ ಮೇಲೆ ತಪ್ಪು ಹೊರಿಸಲು ನನ್ನ ಮನಸ್ಸು ಒಪ್ಪದು. ಇನ್ನು ವಾಲ್ಟರ್ ವೈಟ್ ಅವರಂತೂ ಅದೇ ಮುಖವನ್ನು ಬೇರೊಂದು ಕೆಲಸಕ್ಕೆ ಬಳಸಿದರು.

ಹೊಂಬಣ್ಣದ ಕೂದಲು, ನೀಲಿ ಕಣ್ಣು. 1906ರಲ್ಲಿ ಅಟ್ಲಾಂಟಾದಲ್ಲಿ ಬಿಳಿಯರ ಗುಂಪುಗಳು ಕಪ್ಪುವರ್ಣೀಯರನ್ನು ಬೀದಿಬೀದಿಯಲ್ಲಿ ಅಟ್ಟಿ ಕೊಂದಾಗ ಅವರಿಗೆ ಹದಿಮೂರು ವರ್ಷ. ತಾನು ಯಾರೆಂಬುದು ಆ ರಾತ್ರಿ ತನಗೆ ತಿಳಿಯಿತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. 1918ರಲ್ಲಿ ಅವರು ಎನ್‌ಎಎಸಿಪಿ ಸಂಸ್ಥೆ ಸೇರಿದರು. ದಕ್ಷಿಣದ ಯಾವುದೋ ಹಳ್ಳಿಯಲ್ಲಿ ಗುಂಪುಹತ್ಯೆ ನಡೆದ ಸುದ್ದಿ ಬಂದರೆ ಬಿಳಿಯ ಪ್ರವಾಸಿಯಂತೆಯೋ ಪತ್ರಕರ್ತನಂತೆಯೋ ಅಲ್ಲಿಗೆ ಹೋಗುವರು. ಕಟ್ಟೆಯ ಮೇಲೆ, ಅಂಗಡಿಯ ಮುಂದೆ ಕುಳಿತು ಹರಟುವರು. ಕೊಂದವರೇ ಕೊಲೆಯ ವಿವರವನ್ನು ಜಂಬದಿಂದ ಹೇಳುವರು. ಅದೆಲ್ಲ ಹೆಸರು ಸಹಿತ ವರದಿಯಾಗುತ್ತಿತ್ತು. ಇಂಥ ನಲವತ್ತಕ್ಕೂ ಹೆಚ್ಚು ಹತ್ಯೆಗಳ ತನಿಖೆ ನಡೆಸಿದ್ದಾಗಿ ಅವರು ಹೇಳಿಕೊಂಡಿದ್ದಾರೆ. 1919ರಲ್ಲಿ ಅರ್ಕನ್ಸಾದಲ್ಲಿ ಗುಟ್ಟು ಬಯಲಾಗುವ ಸೂಚನೆ ಸಿಕ್ಕಿ ಸಿಕ್ಕ ರೈಲು ಹತ್ತಿದರು. ಆ ರೈಲಿನ ಕಂಡಕ್ಟರು ಅವರಿಗೇ ಹೇಳಿದನಂತೆ: ಬಿಳಿಯನ ವೇಷದಲ್ಲಿರುವ ಒಬ್ಬ ಕರಿಯನನ್ನು ಹಿಡಿಯಲಿದ್ದಾರೆ, ಮೋಜು ಶುರುವಾಗುವ ಹೊತ್ತಿಗೇ ನೀವು ಹೊರಟಿರಲ್ಲ ಎಂದು.

ಅವರ ಮನೆಯ ಇನ್ನೊಂದು ಪ್ರಸಂಗವೂ ಉಂಟು. 1931ರಲ್ಲಿ ವೈಟ್ ಅವರ ತಂದೆಗೆ ಅಟ್ಲಾಂಟಾದಲ್ಲಿ ಕಾರು ಬಡಿಯಿತು. ಅವರೂ ತಿಳಿಬಣ್ಣದವರಾದ್ದರಿಂದ ಬಿಳಿಯರೆಂದು ಭಾವಿಸಿ ಆಸ್ಪತ್ರೆಯ ಬಿಳಿಯರ ವಿಭಾಗಕ್ಕೆ ಸೇರಿಸಿ ಚಿಕಿತ್ಸೆ ಆರಂಭಿಸಿದರು. ಸುದ್ದಿ ತಿಳಿದು ನೋಡಲು ಬಂದ ಅಳಿಯ ಕಂದುಬಣ್ಣದವರು. ಆ ಗಳಿಗೆಯಲ್ಲಿ ಗಾಯಾಳುವಿನ ವರ್ಣ ಬದಲಾಯಿತು. ಮಳೆಯಲ್ಲಿ ಅವರನ್ನು ರಸ್ತೆಯಾಚೆಯ ಹಳೆಯ ಕಟ್ಟಡದ ಕಪ್ಪುವರ್ಣೀಯರ ವಿಭಾಗಕ್ಕೆ ಸಾಗಿಸಿದರು. ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. ಅದೇ ದೇಹ, ಅದೇ ಗಾಯ. ಅಳಿಯ ಬರುವ ಮೊದಲು ಅವರ ಪ್ರಾಣಕ್ಕೆ ಒಂದು ಬೆಲೆ, ಬಂದ ಮೇಲೆ ಬೇರೊಂದು.

ಅಂಥ ತಂದೆಯನ್ನು ಕಳೆದುಕೊಂಡ ಮಗ, ಅದೇ ವರ್ಷದಿಂದ ಸಂಸ್ಥೆಯ ಪೂರ್ಣ ಹೊಣೆ ಹೊತ್ತು 1955ರಲ್ಲಿ ಸಾಯುವವರೆಗೆ ಅದನ್ನು ನಡೆಸಿದರು. ಪ್ಲೆಸಿ ತೀರ್ಪಿನ ಸಿದ್ಧಾಂತವನ್ನು ಸುಪ್ರೀಂ ಕೋರ್ಟು 1954ರಲ್ಲಿ ಶಾಲೆಗಳ ಮಟ್ಟಿಗೆ ತಳ್ಳಿಹಾಕಿದಾಗ ಆ ಮೊಕದ್ದಮೆಯ ಹಿಂದೆ ಇದ್ದದ್ದು ಇದೇ ಸಂಸ್ಥೆಯ ವಕೀಲರ ಶ್ರಮ. ಡೆನಿಸ್ ತಿಳಿದಿದ್ದನ್ನೇ ವೈಟ್ ಅವರೂ ತಿಳಿದಿದ್ದರು: ಗೋಡೆ ಹುಸಿ. ಡೆನಿಸ್ ಆ ಅರಿವನ್ನು ತನ್ನ ಖಾತೆಗೆ ಜಮಾ ಮಾಡಿಕೊಂಡ. ವೈಟ್ ಅದನ್ನು ಎಲ್ಲರ ಖಾತೆಗೆ ಬರೆದರು.

ಈಗ ನಮ್ಮ ಅಧ್ಯಾಯ. ಕಳೆದ ವರ್ಷ ನನ್ನ ಅಕ್ಕನ ಮಗಳು ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ತುಂಬುತ್ತ, ‘ಮಾಮಾ, ಇಲ್ಲಿ ರೇಸ್ ಯಾವುದೆಂದು ಕೇಳಿದ್ದಾರೆ; ನಾವು ಆರ್ಯರಲ್ಲವೆ, ಏನು ಬರೆಯಲಿ?’ ಎಂದು ಫೋನಿನಲ್ಲಿ ಕೇಳಿದಳು. ಏಷ್ಯದವರೆಂಬ ಚೌಕಕ್ಕೆ ಗುರುತು ಹಾಕೆಂದು ಹೇಳಿ ಮುಗಿಸಬಹುದಾಗಿತ್ತು. ಬದಲಿಗೆ ಭಗತ್ ಸಿಂಗ್ ಥಿಂದ್ ಅವರ ಕಥೆಯನ್ನು ಹೇಳಿದೆ.

ಪಂಜಾಬಿನಿಂದ 1913ರಲ್ಲಿ ಅಮೆರಿಕಕ್ಕೆ ಹೋದ ಥಿಂದ್ ಸಿಖ್ಖರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗ ಪೌರತ್ವ ಪಡೆಯಲು ವಲಸಿಗನು ‘ಬಿಳಿಯ’ನಾಗಿರಬೇಕು, ಇಲ್ಲವೆ ಆಫ್ರಿಕದ ಮೂಲದವನಾಗಿರಬೇಕು. 1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಒಜಾವಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬಿಳಿಯನೆಂದರೆ ಕಕೇಶಿಯನ್ ಕುಲದವನು; ನೀವು ಅಲ್ಲ ಎಂದಿತು. ಥಿಂದ್ ಅದನ್ನೇ ಹಿಡಿದರು. ಜನಾಂಗಶಾಸ್ತ್ರದ ಪ್ರಕಾರ ಉತ್ತರ ಭಾರತದವರು ಕಕೇಶಿಯನ್ನರು, ಆರ್ಯರು. ಆದ್ದರಿಂದ ನಾನು ಬಿಳಿಯ. ಮೂರೇ ತಿಂಗಳಲ್ಲಿ, 1923ರ ಫೆಬ್ರವರಿ 19ರಂದು, ಅದೇ ಕೋರ್ಟು ಒಮ್ಮತದಿಂದ ಮಾತು ತಿರುಗಿಸಿತು. ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ನೀವು ಬಿಳಿಯರಲ್ಲ ಎಂದಿತು. ಒಬ್ಬರನ್ನು ಹೊರಗಿಡಲು ಒಂದು ಮಾಪನ, ಇನ್ನೊಬ್ಬರನ್ನು ಹೊರಗಿಡಲು ಇನ್ನೊಂದು. ನನ್ನ ವೃತ್ತಿಯಲ್ಲಿ ಒಂದೇ ವರ್ಷದೊಳಗೆ ಮೌಲ್ಯಮಾಪನದ ಪದ್ಧತಿಯನ್ನು ಹೀಗೆ ಬದಲಿಸಿದರೆ ಸಹಿ ಹಾಕುವ ಮೊದಲು ಕಾರಣ ಕೇಳುತ್ತೇವೆ.

ಥಿಂದ್ ಅವರಿಗೆ ಆದದ್ದು ಅನ್ಯಾಯ, ಅದರಲ್ಲಿ ಸಂದೇಹವಿಲ್ಲ. ಆದರೆ ಅವರ ಪರವಾಗಿ ಸಲ್ಲಿಸಿದ ವಾದಪತ್ರವನ್ನು ಓದಿದರೆ ತಲೆ ತಗ್ಗಿಸಬೇಕಾಗುತ್ತದೆ. ಮೇಲುಜಾತಿಯ ಹಿಂದೂ ಒಬ್ಬನು ವಿವಾಹದ ವಿಷಯದಲ್ಲಿ ಭಾರತದ ಮೂಲನಿವಾಸಿಗಳನ್ನು ಹೇಗೆ ಕಾಣುತ್ತಾನೋ, ಅಮೆರಿಕದ ಬಿಳಿಯ ಕಪ್ಪುವರ್ಣೀಯನನ್ನು ಹಾಗೆಯೇ ಕಾಣುತ್ತಾನೆ ಎಂಬ ಹೋಲಿಕೆಯನ್ನು ಅಲ್ಲಿ ಮಾಡಲಾಗಿತ್ತು. ಅಂದರೆ, ನಿಮ್ಮ ಗೋಡೆಯಂಥ ಗೋಡೆ ನಮ್ಮಲ್ಲೂ ಇದೆ, ನಾವೂ ಅದರ ಮೇಲ್ಬದಿಯವರು, ಆದ್ದರಿಂದ ನಮ್ಮನ್ನು ಒಳಗೆ ಸೇರಿಸಿಕೊಳ್ಳಿ. ಗೋಡೆ ತಪ್ಪೆಂದು ವಾದಿಸಲಿಲ್ಲ. ಬಾಗಿಲು ತಮಗೆ ಮಾತ್ರ ತೆರೆಯಲೆಂದು ಬೇಡಿದರು. ಆ ಅರ್ಜಿಯೂ ತಿರಸ್ಕೃತವಾಯಿತು. ಅದಾಗಲೇ ಪೌರತ್ವ ಪಡೆದಿದ್ದ ಹಲವಾರು ಭಾರತೀಯರ ಪೌರತ್ವವನ್ನು ಹಿಂದಕ್ಕೆ ಪಡೆದರು. ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ ಪೌರತ್ವವನ್ನೂ ಆಸ್ತಿಯನ್ನೂ ಕಳೆದುಕೊಂಡು 1928ರಲ್ಲಿ ನೊಂದು ಪ್ರಾಣ ಬಿಟ್ಟರು. ಬೇರೆಯವರನ್ನು ಕೆಳಗಿಟ್ಟು ತಾನು ಮೇಲೇರುವ ಒಪ್ಪಂದಕ್ಕೆ ಸಹಿ ಹಾಕಿದವರನ್ನೂ ಗೋಡೆ ಕಾಯಲಿಲ್ಲ.

1946ರಲ್ಲಿ ಭಾರತೀಯರಿಗೆ ಪೌರತ್ವದ ದಾರಿ ತೆರೆಯಿತು. ವರ್ಷಕ್ಕೆ ನೂರು ಮಂದಿಗೆ ವಲಸೆಯ ಅವಕಾಶ. 1965ರ ವಲಸೆ ಕಾನೂನಿನಿಂದ ಬಾಗಿಲು ನಿಜವಾಗಿ ತೆರೆಯಿತು. ಆ ಕಾನೂನು ಬಂದದ್ದು ಕಪ್ಪುವರ್ಣೀಯರ ನಾಗರಿಕ ಹಕ್ಕುಗಳ ಹೋರಾಟ ದೇಶದ ಮನಸ್ಸನ್ನು ಅಲುಗಿಸಿದ ದಿನಗಳಲ್ಲಿ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದುಗಳ ನಮ್ಮ ಮನೆಗಳಿಂದ ನ್ಯೂಜೆರ್ಸಿಗೂ ಕ್ಯಾಲಿಫೋರ್ನಿಯಾಕ್ಕೂ ಹೋಗಿ ನೆಲೆಸಿದ ಮಕ್ಕಳು ಆ ಬಾಗಿಲಿನಿಂದಲೇ ಒಳಗೆ ಹೋದವರು. ಆ ಬಾಗಿಲನ್ನು ತೆರೆಸಿದವರಲ್ಲಿ ಅರ್ಕನ್ಸಾದ ರೈಲಿನಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದವರೂ ಇದ್ದಾರೆ. ಈ ಋಣ ನಮ್ಮ ಪುಸ್ತಕಗಳಲ್ಲಿ ನಮೂದಾಗಿದೆಯೆ? ಅಲ್ಲಿಂದ ರಜೆಗೆ ಬಂದ ಬಂಧುಗಳು ಊಟದ ನಡುವೆ ‘ಆ ಕರಿಯರ ಬಡಾವಣೆಯ ಕಡೆ ನಾವು ಹೋಗುವುದೇ ಇಲ್ಲ’ ಎನ್ನುವಾಗ ನಾವು ತಲೆಯಾಡಿಸಿ ಸುಮ್ಮನಿರುತ್ತೇವೆ. ಋಣವನ್ನು ತೋರಿಸದ ಆಢಾವೆ ಪತ್ರಿಕೆ ಎಷ್ಟು ಚೆಂದವಾಗಿ ಅಚ್ಚಾಗಿದ್ದರೂ ಸುಳ್ಳೇ.

ಈ ವಿಷಯದಲ್ಲಿ ಸಂಪಾದಕೀಯದ ನಿಲುವು ಇಷ್ಟು. ಮೊದಲನೆಯದಾಗಿ, ಯಾರಾದರೂ ತನ್ನ ಹುಟ್ಟನ್ನು ಮುಚ್ಚಿಟ್ಟು ಬಾಳುತ್ತಿದ್ದರೆ, ಅವನನ್ನು ಬಯಲಿಗೆಳೆಯುವ ಉತ್ಸಾಹಕ್ಕಿಂತ ಅವನನ್ನು ಹೆದರಿಸುತ್ತಿರುವುದು ಏನೆಂದು ಕೇಳುವ ವಿವೇಕ ಹೆಚ್ಚು ಮುಖ್ಯ. ಸುಳ್ಳಿಗೆ ಲಾಭ ತರುವ ನಿಯಮವನ್ನು ಮಾಡಿದವರ ಹೊಣೆ ಸುಳ್ಳು ಹೇಳಿದವನ ಹೊಣೆಗಿಂತ ದೊಡ್ಡದು. ಎರಡನೆಯದಾಗಿ, ಉಗ್ರ ಸಿದ್ಧಾಂತಗಳಿಗೆ ಸೇರುವವರೆಲ್ಲ ಹೊರಗಿನ ದ್ವೇಷಿಗಳಲ್ಲ. ಅವಮಾನವನ್ನು ಉಂಡು ಅದನ್ನು ಯಾರಿಗೂ ಹೇಳಲಾಗದವರೂ ಇರುತ್ತಾರೆ. ಪ್ರಜಾಪ್ರಭುತ್ವ ತನ್ನ ಮಾತಿಗೆ ತಾನೇ ತಪ್ಪಿದಾಗ ಸರ್ವಾಧಿಕಾರಿಗಳಿಗೆ ಡೆನಿಸನಂಥ ಪ್ರತಿಭಾವಂತರು ದೊರೆಯುತ್ತಾರೆ. ಮೂರನೆಯದಾಗಿ, ಹೊರಗಿಟ್ಟವರ ಸಾಲಿನಿಂದ ತಪ್ಪಿಸಿಕೊಂಡವನಿಗೆ ಒಂದು ಹೆಚ್ಚಿನ ಕರ್ತವ್ಯವಿದೆ. ಒಳಗೆ ಹೋದ ಮೇಲೆ ಬಾಗಿಲು ಮುಚ್ಚುವ ಕೈ ತನ್ನದಾಗಬಾರದು.

ಅಕ್ಕನ ಮಗಳು ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹಾಗಾದರೆ ಆರ್ಯ ಅನ್ನುವ ಮಾತನ್ನು ಬಿಟ್ಟುಬಿಡುತ್ತೇನೆ ಮಾಮಾ’ ಎಂದಳು. ಅರ್ಜಿಯ ಜೊತೆಗೆ ತನ್ನನ್ನು ಕುರಿತು ಒಂದು ಪ್ರಬಂಧ ಬರೆಯಬೇಕಿತ್ತಂತೆ. ಅಮೆರಿಕದಲ್ಲಿ ತನಗೆ ದಾರಿ ಮಾಡಿಕೊಟ್ಟವರು ಯಾರೆಂಬುದನ್ನೇ ಬರೆಯುವುದಾಗಿ ಹೇಳಿ, ವಾಲ್ಟರ್ ವೈಟ್ ಎಂಬ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು ಬರೆದುಕೊಂಡಳು. ಋಣದ ಖಾತೆಯಲ್ಲಿ ನಮ್ಮ ಮನೆಯ ಮೊದಲ ನಮೂದು ಅದು. ತಡವಾಗಿ ಬಿದ್ದ ನಮೂದಾದರೂ ಲೆಕ್ಕಕ್ಕೆ ಸೇರುತ್ತದೆ.